ಬೇಕೆಂದೇ ಎಡಕ್ಕೆ: ಚಿಚೆಸ್ಟರ್ ಮೇಷ್ಟ್ರ ಜಾಡಿನಲ್ಲಿ ನಾಲ್ಕು ದಿನ

ಮೇ ಕೊನೆಯ ವಾರ ಮೊಮ್ಮಗನಿಗೆ ಶಾಲೆ ರಜ. "ಅಪ್ಪಾ, ನಿಮಗೆ ಎಲ್ಲಿ ಹೋಗಬೇಕು ಅಂತಿದೆ?" ಎಂದು ಮಗಳು ಕೇಳಿದಳು. ನಾವು ಗಂಡ ಹೆಂಡತಿ ತೀರ್ಥಹಳ್ಳಿ ಕಡೆಯಿಂದ ಇಂಗ್ಲೆಂಡಿನ ಸ್ವಿಂಡನ್‌ನ ಅವಳ ಮನೆಗೆ ಬಂದು ತಿಂಗಳಾಗಿತ್ತು. ಸ್ಕಾಟ್ಲೆಂಡ್ ಅನ್ನುತ್ತೇನೆ ಅಂದುಕೊಂಡಿದ್ದಳೇನೋ. ನಾನು ಹಲ್ಲಾವಿಂಗ್ಟನ್ ಎಂದೆ. "ಅದೇನಪ್ಪಾ, ಇಲ್ಲೇ ಅರ್ಧ ಗಂಟೆ ದಾರಿ. ಅಲ್ಲೇನಿದೆ?" ಎಂದಳು.

ಅಲ್ಲಿ ಒಬ್ಬ ಮೇಷ್ಟ್ರು ಇದ್ದರು. ಸರ್ ಫ್ರಾನ್ಸಿಸ್ ಚಿಚೆಸ್ಟರ್. ತಮ್ಮ 65ನೇ ವಯಸ್ಸಿನಲ್ಲಿ ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದವರು. ಜಗತ್ತಿಗೆ ಅವರು ಗೊತ್ತಿರುವುದು ಹಾಗೆ. ನನಗೆ ಬೇಕಾಗಿದ್ದು ಅವರ ಇನ್ನೊಂದು ಕೆಲಸ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅವರು ಬ್ರಿಟನ್ನಿನ ವಾಯುಪಡೆಯಲ್ಲಿ ನ್ಯಾವಿಗೇಷನ್, ಅಂದರೆ ದಾರಿ ದಿಕ್ಕಿನ ಲೆಕ್ಕ ಕಲಿಸುತ್ತಿದ್ದರು. ನಾನು 32 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. "ಸಾರ್, ಈ ಸೈನ್, ಕಾಸ್ ಎಲ್ಲ ಯಾಕೆ ಬೇಕು?" ಎಂದು ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಿದ್ದ. ಆ ಪ್ರಶ್ನೆಗೆ ತನ್ನ ಪ್ರಾಣವನ್ನೇ ಒತ್ತೆ ಇಟ್ಟು ಉತ್ತರ ಕೊಟ್ಟ ಮನುಷ್ಯ ಇವರು. ಅವರು ಇದ್ದ ಜಾಗಗಳನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಬಹಳ ದಿನದ್ದು.

ಮೊದಲ ದಿನ: ಲಂಡನ್

ಸ್ವಿಂಡನ್‌ನಿಂದ ಪ್ಯಾಡಿಂಗ್ಟನ್‌ಗೆ ರೈಲಿನಲ್ಲಿ ಒಂದು ಗಂಟೆ. ಅಲ್ಲಿಂದ ಸೌತ್ ಕೆನ್ಸಿಂಗ್ಟನ್, ಸೈನ್ಸ್ ಮ್ಯೂಸಿಯಂ. ಒಳಗೆ ಹೋಗಲು ದುಡ್ಡಿಲ್ಲ. ಆದರೆ ರಜೆಯಲ್ಲಿ ಹೋಗುವುದಾದರೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು. ಬಾಗಿಲಲ್ಲಿ ಮಕ್ಕಳ ಸೈನ್ಯವೇ ಇತ್ತು.

ಮೂರನೇ ಮಹಡಿಯಲ್ಲಿ ವಿಮಾನಗಳು. ಅಲ್ಲಿ 'ಜೇಸನ್' ಇದೆ. 1930ರಲ್ಲಿ ಏಮಿ ಜಾನ್ಸನ್ ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹಾರಿಸಿಕೊಂಡು ಹೋದ ಜಿಪ್ಸಿ ಮಾತ್ ವಿಮಾನ. ಚಿಚೆಸ್ಟರ್ ಅವರದ್ದೂ ಜಿಪ್ಸಿ ಮಾತ್. ಅದಕ್ಕೇ ನಾನು ಇಲ್ಲಿಗೆ ಬಂದಿದ್ದು. ನೋಡಿದರೆ ನಂಬಿಕೆಯೇ ಬರುವುದಿಲ್ಲ. ಮರದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ. ಕೂರುವ ಜಾಗಕ್ಕೆ ಮಾಡು ಇಲ್ಲ. ಗಾಳಿ, ಮಳೆ, ಬಿಸಿಲು ಎಲ್ಲ ನೇರ ಮುಖಕ್ಕೆ.

ಇಂಥದ್ದೊಂದು ವಿಮಾನಕ್ಕೆ ಗಾಲಿ ತೆಗೆದು ನೀರಿನ ಮೇಲೆ ಇಳಿಯುವ ತೇಲುಗಳನ್ನು ಕಟ್ಟಿ, 1931ರಲ್ಲಿ ಅವರು ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಟಾಸ್ಮನ್ ಸಮುದ್ರದ ಮೇಲೆ ಹೊರಟರು. ಒಂದೇ ಉಸಿರಿಗೆ ದಾಟುವಷ್ಟು ಪೆಟ್ರೋಲ್ ಹಿಡಿಸುತ್ತಿರಲಿಲ್ಲ. ನಡುವೆ ನಾರ್ಫೋಕ್ ದ್ವೀಪದಲ್ಲಿ ಇಳಿಯಲೇಬೇಕು. ಹೊರಟ ಜಾಗದಿಂದ ಸುಮಾರು 770 ಕಿಲೋಮೀಟರ್. ದ್ವೀಪದ ಉದ್ದ 8 ಕಿಲೋಮೀಟರ್ ಅಷ್ಟೇ. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ 13 ಕಿಲೋಮೀಟರ್ ಆಚೆ ಹೋಗಿರುತ್ತೀರಿ. ಗಾಳಿ ಎಷ್ಟು ತಳ್ಳಿತು ಅನ್ನುವುದು ಬೇರೆ ಲೆಕ್ಕ. ದ್ವೀಪ ಸಿಗದಿದ್ದರೆ ಸಮುದ್ರವೇ ಗತಿ.

ಅವರು ಮಾಡಿದ್ದು ಇಷ್ಟು. ದ್ವೀಪಕ್ಕೆ ನೇರ ಗುರಿ ಇಡಲಿಲ್ಲ. ಬೇಕೆಂದೇ ಒಂದು ಪಕ್ಕಕ್ಕೆ ತಪ್ಪಿಸಿ ಹಾರಿದರು.

"ಯಾಕಜ್ಜ? ಸೀದಾ ಹೋಗಬಹುದಲ್ವಾ?" ಎಂದ ಮೊಮ್ಮಗ.

ಅವನಿಗೆ ನನ್ನ ಅಜ್ಜನ ಕಥೆ ಹೇಳಿದೆ. ನಮ್ಮೂರಲ್ಲಿ ಹಳ್ಳ ದಾಟಲು ಅಡಿಕೆ ಮರದ ಸಂಕ. ಮಳೆಗಾಲದ ರಾತ್ರಿ ಅಜ್ಜ ಸೂಡಿ ಎಂಬ ಪಂಜು ಹಿಡಿದು ಕಾನಿನ ದಾರಿಯಲ್ಲಿ ಬರುತ್ತಿದ್ದರು. ಅವರು ಸಂಕದ ಕಡೆ ನೇರ ನಡೆಯುತ್ತಲೇ ಇರಲಿಲ್ಲ. ಸಂಕಕ್ಕಿಂತ ಮೇಲಕ್ಕೆ, ನೀರು ಬರುವ ಕಡೆಗೆ ವಾಲಿಕೊಂಡು ನಡೆಯುತ್ತಿದ್ದರು. ಹಳ್ಳ ಸಿಕ್ಕ ಕೂಡಲೇ ನೀರು ಹರಿಯುವ ಕಡೆ ತಿರುಗಿ ದಂಡೆಯಲ್ಲೇ ಇಳಿದರೆ ಸಂಕ ಸಿಕ್ಕೇ ಸಿಗುತ್ತದೆ. "ಸಂಕಕ್ಕೇ ಗುರಿ ಇಟ್ಟು ಬಂದರೆ, ಹಳ್ಳ ಸಿಕ್ಕಾಗ ಸಂಕ ಮೇಲಿದೆಯೋ ಕೆಳಗಿದೆಯೋ ಯಾರು ಹೇಳ್ತಾರೆ ಮಾರಾಯ?" ಎನ್ನುತ್ತಿದ್ದರು.

ಚಿಚೆಸ್ಟರ್ ಅವರಿಗೆ ಆ ಹಳ್ಳದ ಜಾಗದಲ್ಲಿ ಇದ್ದದ್ದು ಸೂರ್ಯ. ಸೆಕ್ಸ್ಟಂಟ್ ಅನ್ನುವ ಉಪಕರಣದಿಂದ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆಯಬಹುದು. ಆ ಕ್ಷಣದಲ್ಲಿ ಅಷ್ಟೇ ಎತ್ತರಕ್ಕೆ ಸೂರ್ಯ ಕಾಣುವ ಜಾಗಗಳೆಲ್ಲ ಭೂಮಿಯ ಮೇಲೆ ಒಂದು ದೊಡ್ಡ ವೃತ್ತದಲ್ಲಿ ಇರುತ್ತವೆ. ಆ ವೃತ್ತದ ಸಣ್ಣ ತುಂಡನ್ನು ನಕ್ಷೆಯಲ್ಲಿ ನೇರ ಗೆರೆ ಎಂದೇ ಎಳೆಯಬಹುದು. ದ್ವೀಪದ ಮೇಲೆ ಹಾದುಹೋಗುವ ಗೆರೆ ಯಾವುದು ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು. ಆ ಗೆರೆ ಮುಟ್ಟಿದ ಕೂಡಲೇ ದ್ವೀಪದ ಕಡೆ ತಿರುಗಿ ಗೆರೆಯ ಮೇಲೇ ಹಾರುವುದು. ತಪ್ಪಿದ್ದು ಯಾವ ಪಕ್ಕಕ್ಕೆ ಎಂದು ಗೊತ್ತಿದೆಯಲ್ಲ, ತಿರುಗುವ ದಿಕ್ಕಿನಲ್ಲಿ ಅನುಮಾನವೇ ಇಲ್ಲ. ಇದನ್ನೆಲ್ಲ ಅವರು ವಿಮಾನ ನಡೆಸುತ್ತಲೇ, ಸೆಕ್ಸ್ಟಂಟ್ ಹಿಡಿದು, ಲಾಗರಿಥಂ ಪಟ್ಟಿ ನೋಡಿ, ಮಂಡಿಯ ಮೇಲೆ ಲೆಕ್ಕ ಬರೆದು ಮಾಡಿದರು. ದ್ವೀಪ ಸಿಕ್ಕಿತು. ಮುಂದಿನ ಲಾರ್ಡ್ ಹೌ ದ್ವೀಪವೂ ಸಿಕ್ಕಿತು. ಅಲ್ಲಿ ರಾತ್ರಿಯ ಬಿರುಗಾಳಿಗೆ ವಿಮಾನ ಮಗುಚಿ ಮುಳುಗಿತು. ದ್ವೀಪದವರ ನೆರವಿನಿಂದ ಎರಡು ತಿಂಗಳು ಕೂತು ಅದನ್ನು ಮತ್ತೆ ಕಟ್ಟಿ ಹಾರಿದರು.

ಮೊಮ್ಮಗ ಸ್ವಲ್ಪ ಹೊತ್ತು ವಿಮಾನವನ್ನೇ ನೋಡುತ್ತಾ ನಿಂತ. ಆಮೇಲೆ ಮ್ಯೂಸಿಯಂ ಅಂಗಡಿಯಲ್ಲಿ ಒಂದು ಸಣ್ಣ ದಿಕ್ಸೂಚಿ ಕೊಡಿಸು ಎಂದ. ಕೊಡಿಸಿದೆ.

ಹೈಡ್ ಪಾರ್ಕ್ ಕಾರ್ನರ್ ತಲುಪುವಷ್ಟರಲ್ಲಿ ಮಳೆ. ಗ್ರೀನ್ ಪಾರ್ಕ್ ಅಂಚಿನಲ್ಲಿ ಬಾಂಬರ್ ಕಮಾಂಡ್, ಅಂದರೆ ಬಾಂಬು ಹಾಕುವ ವಿಮಾನಗಳ ಪಡೆಯ ಸ್ಮಾರಕ ಇದೆ, ಅದರೊಳಗೆ ನಿಂತೆವು. ಏಳು ಜನ ವಾಯುಯೋಧರ ಕಂಚಿನ ಪ್ರತಿಮೆಗಳು. ಒಂದು ಬಾಂಬರ್ ವಿಮಾನದ ಏಳು ಜನ. ಅದರಲ್ಲೊಬ್ಬ ನ್ಯಾವಿಗೇಟರ್. ಯುದ್ಧದಲ್ಲಿ ಸತ್ತ ಆ ಪಡೆಯವರು 55,573 ಜನ. ಹೆಂಡತಿ ಪ್ರತಿಮೆಗಳ ಮುಖ ನೋಡಿ, "ಎಲ್ಲ ನಿಮ್ಮ ಎಸ್ಸೆಸ್ಸೆಲ್ಸಿ ಹುಡುಗರ ಹಾಗೇ ಇದ್ದಾರೆ ಕಣ್ರೀ" ಎಂದಳು. ನನಗೆ ಮಾತು ಹೊರಡಲಿಲ್ಲ.

ನ್ಯಾವಿಗೇಷನ್ ಕಲಿಸುವವರು ಆಗ ಯಾಕೆ ಬೇಕಾಗಿದ್ದರು ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ಬಾಂಬರ್‌ಗಳು ತೆಗೆದ ಫೋಟೋಗಳನ್ನು 1941ರಲ್ಲಿ ಪರಿಶೀಲಿಸಿದ ಬಟ್ ವರದಿ ಎಂಬುದೊಂದಿದೆ. ಗುರಿಯ ಮೇಲೆ ದಾಳಿ ಮಾಡಿ ಬಂದೆವು ಎಂದುಕೊಂಡಿದ್ದ ವಿಮಾನಗಳಲ್ಲಿ ಗುರಿಯ 8 ಕಿಲೋಮೀಟರ್ ಒಳಗೆ ಹೋಗಿದ್ದು ಮೂರರಲ್ಲಿ ಒಂದು. ಉಳಿದವು ಕತ್ತಲಲ್ಲಿ ಎಲ್ಲೆಲ್ಲಿಗೋ ಹೋಗಿ ಬಂದಿದ್ದವು. ಆ ಹುಡುಗರಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ದಾರಿಯ ಲೆಕ್ಕಕ್ಕೆ.

ಮಳೆ ನಿಂತ ಮೇಲೆ ಪಾರ್ಕಿನ ಆಚೆಗೆ ನಡೆದು ಸೇಂಟ್ ಜೇಮ್ಸಸ್ ಪ್ಲೇಸ್ ಎಂಬ ಸಣ್ಣ ಬೀದಿಗೆ ಹೋದೆವು. 9ನೇ ನಂಬರಿನ ಮನೆ ಅವರದ್ದು. ಗೋಡೆಯಲ್ಲಿ ಫಲಕ ಇದೆ. ಯುದ್ಧ ಮುಗಿದಾಗ ಸರ್ಕಾರದ ಹತ್ತಿರ ವಾಯುಪಡೆಯ ನಕ್ಷೆಗಳು ಬೇಡವಾಗಿ ಬಿದ್ದಿದ್ದವು. ಚಿಚೆಸ್ಟರ್ ಅವುಗಳಲ್ಲಿ 15,000 ಕೊಂಡರು. ರಟ್ಟಿಗೆ ಅಂಟಿಸಿ, ಕತ್ತರಿಸಿ, ಮಕ್ಕಳು ಜೋಡಿಸುವ ಜಿಗ್ಸಾ ಆಟ ಮಾಡಿ ಮಾರಿದರು. ಅದರಿಂದಲೇ ಅವರ ನಕ್ಷೆ ಕಂಪನಿ ಶುರುವಾಯಿತು. ಯುದ್ಧದ ನಕ್ಷೆ ಮಕ್ಕಳ ಕೈಗೆ ಆಟವಾಗಿ ಹೋಗಿದ್ದು ನನಗೆ ಬಹಳ ಹಿಡಿಸಿತು. ಬಾಗಿಲ ಮುಂದೆ ಐದು ನಿಮಿಷ ಸುಮ್ನೆ ನಿಂತಿದ್ದು ಬಂದೆ.

ಎರಡನೇ ದಿನ: ಹಲ್ಲಾವಿಂಗ್ಟನ್, ಮಾಮ್ಸ್‌ಬರಿ

ಬೆಳಿಗ್ಗೆ ಮಗಳು ಅಕ್ಕಿರೊಟ್ಟಿ ಕಟ್ಟಿಕೊಟ್ಟು ಆಫೀಸಿಗೆ ಹೋದಳು. ಅಳಿಯ ರಜ ಹಾಕಿದ್ದ. ಎಂ 4 ಹೆದ್ದಾರಿಯಲ್ಲಿ 17ನೇ ಜಂಕ್ಷನ್‌ಗೆ ಇಳಿದರೆ ಹಳೆಯ ವಾಯುನೆಲೆ ಬಂದೇಬಿಟ್ಟಿತು. ಒಳಗೆ ಹೋಗಲು ಆಗುವುದಿಲ್ಲ. 1937ರಲ್ಲಿ ಶುರುವಾದ ನೆಲೆಯನ್ನು ವಾಯುಪಡೆ 1992ರಲ್ಲಿ ಬಿಟ್ಟಿತು. ಒಂದು ಭಾಗದಲ್ಲಿ ಸೈನ್ಯದ ಬ್ಯಾರಕ್, ಇನ್ನೊಂದು ಭಾಗವನ್ನು ಡೈಸನ್ ಕಂಪನಿ ಕೊಂಡಿದೆ. ನೋಡುವುದೇನಿದ್ದರೂ ರಸ್ತೆಯಿಂದ. ನಾವು ಕಾರನ್ನು ಒಂದು ಹಳ್ಳಿ ರಸ್ತೆಯ ಪಕ್ಕ ನಿಲ್ಲಿಸಿ ನಡೆದೆವು. ಗೋಧಿ ಹೊಲದ ಆಚೆ ದೊಡ್ಡ ಹ್ಯಾಂಗರ್‌ಗಳ ಬೆನ್ನು ಕಾಣುತ್ತಿತ್ತು.

ಯುದ್ಧ ಶುರುವಾದಾಗ ಚಿಚೆಸ್ಟರ್ ಅವರಿಗೆ 38 ತುಂಬುತ್ತಾ ಬಂದಿತ್ತು. ದಪ್ಪ ಕನ್ನಡಕ. ವಾಯುಪಡೆ ಅವರನ್ನು ಪೈಲಟ್ ಆಗಿ ತೆಗೆದುಕೊಳ್ಳಲಿಲ್ಲ. ಎರಡು ಸಮುದ್ರ ದ್ವೀಪಗಳನ್ನು ಸೂರ್ಯನ ಲೆಕ್ಕದಲ್ಲಿ ಹುಡುಕಿದ ಮನುಷ್ಯನಿಗೆ ಹಾರಲು ಅವಕಾಶವಿಲ್ಲ! ಎಷ್ಟು ನೊಂದಿರಬೇಕು. ಅವರು ಮನೆಗೆ ಹೋಗಿ ಕೂರಲಿಲ್ಲ. 1941ರಲ್ಲಿ ಅಧಿಕಾರಿಯಾಗಿ ಸೇರಿ, ಲಂಡನ್ನಿನ ವಾಯುಖಾತೆಯಲ್ಲಿ ಮೇಜಿನ ಮುಂದೆ ಕೂತು ನ್ಯಾವಿಗೇಷನ್ ಪಾಠಗಳನ್ನು ಬರೆದರು. 1943ರಲ್ಲಿ ಇಲ್ಲಿಗೆ ಬಂದರು. ಇಲ್ಲಿದ್ದದ್ದು ಎಂಪೈರ್ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲ್. ಬೇರೆ ಬೇರೆ ದೇಶಗಳ ಪಡೆಗಳಿಂದ ಅನುಭವಿ ಪೈಲಟ್‌ಗಳು, ಹಾರಾಟ ಕಲಿಸುವ ಅಧಿಕಾರಿಗಳು ಇಲ್ಲಿ ಬಂದು ಕಲಿಯುತ್ತಿದ್ದರು. ಅಂದರೆ ಅವರು ಮೇಷ್ಟ್ರುಗಳಿಗೆ ಮೇಷ್ಟ್ರು.

ಅವರ ಪಾಠದ ತಿರುಳು ನನಗೆ ಅರ್ಥವಾಗಿರುವುದು ಹೀಗೆ. ಬಾಂಬರ್‌ನಲ್ಲಿ ನ್ಯಾವಿಗೇಟರ್‌ಗೆ ಒಂದು ಮೇಜು, ಒಂದು ದೀಪ, ಹಾಸಿಕೊಳ್ಳಲು ನಕ್ಷೆ ಎಲ್ಲ ಇರುತ್ತದೆ. ಫೈಟರ್ ವಿಮಾನದಲ್ಲಿ ಪೈಲಟ್ ಒಬ್ಬನೇ. ಒಂದು ಕೈ ಯಾವಾಗಲೂ ವಿಮಾನದ ಮೇಲೆ. ಶತ್ರು ಬರುತ್ತಾನೋ ಎಂದು ಕಣ್ಣು ಹೊರಗೆ. ಅವನು ಯುರೋಪಿನ ಒಳಗೆ ಹೋಗಿ ವಾಪಸ್ಸು ಬರಬೇಕು. ಮಂಡಿಗೆ ಕಟ್ಟಿಕೊಂಡ ಒಂದು ಹಲಗೆ, ಒಂದು ಪೆನ್ಸಿಲ್, ಇಷ್ಟರಲ್ಲೇ ಅವನ ಲೆಕ್ಕ ಮುಗಿಯಬೇಕು. ಹಾಗೆ ಒಬ್ಬರೇ ಕೂತು ಮಂಡಿಯ ಮೇಲೆ ಲೆಕ್ಕ ಮಾಡಿ ಬದುಕಿ ಬಂದವರು ಚಿಚೆಸ್ಟರ್. ಟಾಸ್ಮನ್ ಮೇಲೆ ತಮಗೊಬ್ಬರಿಗೇ ಎಂದು ಕಂಡುಕೊಂಡ ಉಪಾಯವನ್ನು ಅವರು ನೂರಾರು ಜನ ಮಾಡಬಹುದಾದ ಪಾಠವನ್ನಾಗಿ ಬರೆದರು. ದೋಣಿಯಲ್ಲಿ ಭೂಮಿ ಸುತ್ತಿದ್ದಕ್ಕಿಂತ ಇದು ದೊಡ್ಡದು ಅಂತಲೇ ನನ್ನ ಅನಿಸಿಕೆ. ತಾನು ಮಾಡಬಲ್ಲದ್ದನ್ನು ಇನ್ನೊಬ್ಬನ ಕೈಯಲ್ಲಿ ಮಾಡಿಸುವುದು ಎಷ್ಟು ಕಷ್ಟ ಎಂದು ಕಲಿಸಿದವರಿಗೆ ಗೊತ್ತು.

ಬೇಲಿಯ ಹತ್ತಿರ ನಾಯಿ ಹಿಡಿದುಕೊಂಡು ಒಬ್ಬ ಮುದುಕರು ಬಂದರು. 80 ದಾಟಿರಬೇಕು. "ಏನು ಹುಡುಕುತ್ತಿದ್ದೀರಿ?" ಎಂದು ಕೇಳಿದರು. ಹೇಳಿದೆ. ಅವರ ತಾಯಿ ಯುದ್ಧದ ಹೊತ್ತಿನಲ್ಲಿ ಈ ಹೊಲದಲ್ಲೇ ದುಡಿಯುತ್ತಿದ್ದರಂತೆ. ವಿಮಾನಗಳು ಎಷ್ಟು ತಗ್ಗಿನಲ್ಲಿ ಬರುತ್ತಿದ್ದವೆಂದರೆ ಕುದುರೆಯ ಕಣ್ಣು ಮುಚ್ಚಿ ಹಿಡಿದುಕೊಳ್ಳಬೇಕಾಗಿತ್ತಂತೆ. "ಪಾಠದ ಕೋಣೆ ಯಾವುದಿರಬಹುದು?" ಎಂದು ಕೇಳಿದೆ. ಅವರು ನಕ್ಕು, ಕೋಲಿನಿಂದ ಆಕಾಶ ತೋರಿಸಿದರು. ಒಂದು ಮೋಡವೂ ಇರಲಿಲ್ಲ.

ಮಧ್ಯಾಹ್ನ ಹತ್ತಿರದ ಮಾಮ್ಸ್‌ಬರಿಗೆ ಹೋದೆವು. ಹೋಗಿ ಅಂತ ಹೇಳಿದ್ದೂ ಆ ಮುದುಕರೇ. ಹಳೆಯ ಅಬಿ, ಅಂದರೆ ಕ್ರೈಸ್ತ ಸನ್ಯಾಸಿಗಳ ಮಠದ ಚರ್ಚು ಇದೆ, ಅರ್ಧ ಬಿದ್ದಿದೆ, ಉಳಿದರ್ಧದಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. 11ನೇ ಶತಮಾನದಲ್ಲಿ ಐಲ್ಮರ್ ಎಂಬ ಸನ್ಯಾಸಿ ಕೈಕಾಲಿಗೆ ರೆಕ್ಕೆ ಕಟ್ಟಿಕೊಂಡು ಇಲ್ಲಿನ ಗೋಪುರದಿಂದ ಹಾರಿದನಂತೆ. 200 ಮೀಟರ್‌ನಷ್ಟು ತೇಲಿ, ಬಿದ್ದು, ಎರಡೂ ಕಾಲು ಮುರಿದುಕೊಂಡ. ಬಾಲ ಕಟ್ಟಿಕೊಳ್ಳುವುದು ಮರೆತೆ, ಅದಕ್ಕೇ ಬಿದ್ದೆ ಎಂದು ಆಮೇಲೆ ಹೇಳುತ್ತಿದ್ದನಂತೆ. ಅಬಿಯ ಬಣ್ಣದ ಗಾಜಿನ ಕಿಟಕಿಯಲ್ಲಿ ಅವನ ಚಿತ್ರವಿದೆ. ಅಂಗಳದ ಬೆಂಚಿನ ಮೇಲೆ ಅಕ್ಕಿರೊಟ್ಟಿ, ಚಟ್ನಿಪುಡಿ ತಿಂದೆವು. ಬಿಸಿಲು ಹದವಾಗಿತ್ತು.

ಮೂರನೇ ದಿನ: ಶರ್ವೆಲ್

ಸ್ವಿಂಡನ್‌ನಿಂದ ಡೆವನ್‌ನ ಬಾರ್ನ್‌ಸ್ಟೇಪಲ್‌ಗೆ ಮೂರು ಗಂಟೆಗೆ ಹತ್ತಿರ. ಹೆದ್ದಾರಿ ಬಗ್ಗೆ ಹೇಳುವುದೇನಿಲ್ಲ. ಅದು ಬಿಟ್ಟ ಮೇಲೆ ನಿಜವಾದ ಡೆವನ್ ಶುರು. ಕಾರಿನಷ್ಟೇ ಅಗಲದ ರಸ್ತೆ. ಎರಡೂ ಕಡೆ ಆಳೆತ್ತರದ ಮಣ್ಣಿನ ದಂಡೆ, ಅದರ ಮೇಲೆ ಬೇಲಿ ಗಿಡ, ಕಾಡು ಹೂವು, ಜರಿಗಿಡ. ನಮ್ಮ ಕಡೆಯ ಅಗಳು ದಾರಿಯೇ. ಹೆಂಡತಿಗೆ ಊರು ನೆನಪಾಗಿ ಕಿಟಕಿ ಇಳಿಸಿಕೊಂಡಳು.

ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್. ಹಿಂದೆ ಹೋಗಬೇಕಾದವರು ನಾವೇ. ಅಳಿಯ ಇನ್ನೂರು ಮೀಟರ್ ರಿವರ್ಸ್ ತೆಗೆದ. ಕಾರಿನ ಎಡಗಡೆಯ ಕನ್ನಡಿ ದಂಡೆಗೆ ತಾಗಿ ಒಡೆಯಿತು. "ಮಾವ, ಪರವಾಗಿಲ್ಲ ಬಿಡಿ" ಎಂದ, ಮುಖ ಮಾತ್ರ ಸಣ್ಣಗಾಗಿತ್ತು. ಟ್ರ್ಯಾಕ್ಟರಿನವನು ಇಳಿದು ಬಂದು, ಜೇಬಿನಿಂದ ಟೇಪ್ ತೆಗೆದು ಕನ್ನಡಿ ಕಟ್ಟಿಕೊಟ್ಟ. ಇಂಥ ರಸ್ತೆಯಲ್ಲಿ ಅಲ್ಲಲ್ಲಿ ಸರಿದುಕೊಳ್ಳುವ ಜಾಗ ಇರುತ್ತದೆ, ಅದನ್ನು ದಾಟುವಾಗಲೇ ನೆನಪಿಟ್ಟುಕೊಳ್ಳಿ ಎಂದು ಹೇಳಿಹೋದ. ಅದೂ ಒಂದು ನ್ಯಾವಿಗೇಷನ್ ಪಾಠವೇ.

ಶರ್ವೆಲ್ ಪುಟ್ಟ ಹಳ್ಳಿ. 1901ರಲ್ಲಿ ಚಿಚೆಸ್ಟರ್ ಹುಟ್ಟಿದ್ದು ಇಲ್ಲೇ, ಪಾದ್ರಿಯ ಮಗನಾಗಿ. 18ನೇ ವಯಸ್ಸಿಗೆ ಹತ್ತು ಪೌಂಡ್ ಜೇಬಿನಲ್ಲಿಟ್ಟುಕೊಂಡು ನ್ಯೂಜಿಲೆಂಡಿಗೆ ಹೊರಟರು. ಸತ್ತ ಮೇಲೆ ಮತ್ತೆ ಇದೇ ಸೇಂಟ್ ಪೀಟರ್ ಚರ್ಚಿಗೆ ಬಂದರು. ಇಲ್ಲೇ ಅವರ ಸಮಾಧಿ. ನಾನು ಸ್ವಿಂಡನ್ ಮನೆಯ ಹಿತ್ತಲಿನ ನಾಲ್ಕು ಹೂವು ತಂದಿದ್ದೆ. ಒಂದಿಷ್ಟು ಬಾಡಿತ್ತು. ಇಟ್ಟೆ.

ಚರ್ಚಿನೊಳಗೆ ಹೂವು ಜೋಡಿಸುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ಮಾತಾಡಿಸಿದರು. ದೋಣಿಯ ವಿಷಯ ಅವರಿಗೆ ಪೂರ್ತಿ ಗೊತ್ತಿತ್ತು. ಯುದ್ಧದ ಕೆಲಸದ ಬಗ್ಗೆ ನಾನು ಹೇಳಿದೆ. "ಬೇಕೆಂದು ತಪ್ಪಿಸಿ ಹೋಗುವುದೇ?" ಎಂದು ಅವರೂ ಕೇಳಿದರು. ಮೊಮ್ಮಗ ನನಗಿಂತ ಮೊದಲೇ ಶುರುಮಾಡಿದ. ಸಂಕದ ಕಥೆಯನ್ನು ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದ. ಸೂಡಿಗೆ ಇಂಗ್ಲಿಷ್ ಪದ ಸಿಗದೆ ಸೂಡಿ ಎಂದೇ ಹೇಳಿದ. ಅವರು "ಸೂಡಿ, ಸೂಡಿ" ಎಂದು ಎರಡು ಸಲ ಹೇಳಿ ನೋಡಿಕೊಂಡರು.

ಸಂಜೆ ಬಾರ್ನ್‌ಸ್ಟೇಪಲ್‌ನಲ್ಲಿ ಸ್ಕೋನ್ ತಿಂದೆವು. ಡೆವನ್‌ನಲ್ಲಿ ಮೊದಲು ಕೆನೆ, ಅದರ ಮೇಲೆ ಜಾಮ್. ಪಕ್ಕದ ಕಾರ್ನ್‌ವಾಲ್‌ನಲ್ಲಿ ತಿರುಗಾಮುರುಗಾ. ತಪ್ಪಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕೆನೆ ನಮ್ಮ ಮನೆಯ ಎಮ್ಮೆ ಹಾಲಿನ ಕೆನೆಯಷ್ಟು ಗಟ್ಟಿ.

ನಾಲ್ಕನೇ ದಿನ: ಡಾರ್ಟ್‌ಮೂರ್, ಪ್ಲಿಮತ್

ಓಕ್‌ಹ್ಯಾಂಪ್ಟನ್‌ನಲ್ಲಿ ಆರ್ಡ್‌ನೆನ್ಸ್ ಸರ್ವೆ ಎಂಬ ಇಲ್ಲಿನ ಸರ್ಕಾರಿ ಸರ್ವೆ ಸಂಸ್ಥೆಯ ಒಂದು ಕಾಗದದ ನಕ್ಷೆ ಕೊಂಡೆ. ಡಾರ್ಟ್‌ಮೂರ್ ಎಂಬ ಬೋಳು ಗುಡ್ಡನಾಡಿನ ಕಡೆ ಹೋಗುವವರು ಅದನ್ನು ಕೊಳ್ಳಲೇಬೇಕು, ಯಾಕೆ ಎಂದು ಆಮೇಲೆ ಗೊತ್ತಾಯಿತು. ಟ್ಯಾವಿಸ್ಟಾಕ್ ದಾಟಿ ಮೇಲೆ ಹತ್ತಿದರೆ ಮೆರಿವೇಲ್. ರಸ್ತೆಗೆ ದಕ್ಷಿಣಕ್ಕೆ ಕಂಚಿನ ಯುಗದ ಕಲ್ಲಿನ ಸಾಲುಗಳಿವೆ. ಮೊಣಕಾಲೆತ್ತರದ ಕಲ್ಲುಗಳು, ಜೋಡಿ ಸಾಲಾಗಿ ಬಯಲಲ್ಲಿ ಹೋಗುತ್ತಲೇ ಇರುತ್ತವೆ. ನಡುವೆ ಒಂದು ಸಣ್ಣ ನೀರಿನ ಕಾಲುವೆ. ಹೆಂಡತಿ ಮತ್ತು ಅಳಿಯ ಕಾರಿನಲ್ಲೇ ಉಳಿದರು. ನಾನೂ ಮೊಮ್ಮಗನೂ ನಡೆದೆವು.

ಹತ್ತು ನಿಮಿಷದಲ್ಲಿ ಮಂಜು ಬಂತು. ಆಗುಂಬೆಯ ಮಂಜು ಕಂಡವನು ನಾನು, ಆದರೂ ಹೆದರಿಕೆಯಾಯಿತು. ಮುಂದಿನ ಕಲ್ಲು ಕಾಣುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ತೆರೆದರೆ ಬಿಳಿ ಪರದೆಯ ಮೇಲೆ ಒಂದು ನೀಲಿ ಚುಕ್ಕಿ ಅಷ್ಟೇ. ಜಿಟಿಜಿಟಿ ಮಳೆಯಲ್ಲಿ ನಕ್ಷೆ ಬಿಡಿಸಿದೆ. ಮಡಿಕೆಯಲ್ಲಿ ಹರಿಯಿತು.

ನಕ್ಷೆಯಲ್ಲಿ ರಸ್ತೆ ಪೂರ್ವ ಪಶ್ಚಿಮವಾಗಿ ಹೋಗಿತ್ತು. ಕಾರು ನಿಲ್ಲಿಸಿದ ಜಾಗ ನಮ್ಮಿಂದ ಈಶಾನ್ಯಕ್ಕೆ. "ಕಾರಿನ ಕಡೆಗೇ ಹೋಗೋಣ ಅಜ್ಜ" ಎಂದವನು ತಾನೇ ತಡೆದು, ದಿಕ್ಸೂಚಿ ತೆಗೆದ. "ಬೇಡ. ಸೀದಾ ಉತ್ತರಕ್ಕೆ ಹೋಗೋಣ. ರಸ್ತೆ ಸಿಕ್ಕಿದ ಮೇಲೆ ಕಾರು ಬಲಗಡೆನೇ ಇರುತ್ತೆ, ಅಲ್ವಾ?"

ಅವನು ಮುಂದೆ, ನಾನು ಹಿಂದೆ. ಹುಲ್ಲಿನ ಕೆಳಗೆ ನೀರು, ಶೂ ಒಳಗೆಲ್ಲ ಕೆಸರು. ನಾನು ಹೆಜ್ಜೆ ಎಣಿಸುತ್ತಿದ್ದೆ. ಎಲ್ಲೋ ಒಂದು ಕುರಿ ಕೂಗಿತು. ಐನೂರು ಚಿಲ್ಲರೆ ಹೆಜ್ಜೆಗೆ ಕಾಲಿಗೆ ಟಾರು ತಾಗಿತು. ಬಲಕ್ಕೆ ತಿರುಗಿದೆವು. ಸ್ವಲ್ಪ ದೂರದಲ್ಲೇ ಹಳದಿ ದೀಪ ಮಿಣುಕುತ್ತಿತ್ತು. ಅಳಿಯ ಕಾರಿನ ದೀಪ ಹಾಕಿಕೊಂಡು ಹೊರಗೆ ನಿಂತಿದ್ದ. ಹೆಂಡತಿ ನನ್ನನ್ನು ಬೈದಳು, ಬೈದದ್ದು ಸರಿಯಾಗಿಯೇ ಇತ್ತು. ಮಂಜಿನ ದಿನ ಅಲ್ಲಿ ರಸ್ತೆ ಬಿಟ್ಟು ಹೋಗಬಾರದು.

ಪ್ಲಿಮತ್‌ನಲ್ಲಿ ಬಿಸಿಲು! ಅವತ್ತು ಮೇ 28. 1967ರಲ್ಲಿ ಇದೇ ದಿನ ಚಿಚೆಸ್ಟರ್ ತಮ್ಮ ಜಿಪ್ಸಿ ಮಾತ್ 4 ದೋಣಿಯಲ್ಲಿ ಇಲ್ಲಿಗೆ ವಾಪಸ್ಸು ಬಂದಿದ್ದರು. 226 ದಿನ ನೀರಿನ ಮೇಲೆ, ನಡುವೆ ಸಿಡ್ನಿಯಲ್ಲಿ ಒಂದೇ ನಿಲುಗಡೆ. ಜೊತೆಗೆ ಅದೇ ಸೂರ್ಯ, ಅದೇ ಸೆಕ್ಸ್ಟಂಟ್ ಲೆಕ್ಕ. ಅವರನ್ನು ನೋಡಲು ಎರಡೂವರೆ ಲಕ್ಷ ಜನ ಸೇರಿದ್ದರಂತೆ. ನಾವು ಹೋ ಎಂಬ ಎತ್ತರದ ಬಯಲಲ್ಲಿ, ಕೆಂಪು ಬಿಳಿ ಪಟ್ಟೆಯ ಸ್ಮೀಟನ್ ಗೋಪುರದ ಹತ್ತಿರ ಕೂತು ಚೀಸ್ ಈರುಳ್ಳಿ ಪೇಸ್ಟಿ ತಿಂದೆವು. ಒಂದು ಕಡಲಹಕ್ಕಿ ಹೆಂಡತಿಯ ಕೈಯಿಂದ ಅರ್ಧ ಕಿತ್ತುಕೊಂಡು ಹೋಯಿತು. ಇಲ್ಲಿ ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ಸ್ವಲ್ಪ ಆಚೆ ವಾಯುಯೋಧರ ಸ್ಮಾರಕ ಇದೆ. ಅಲ್ಲಿಗೂ ಹೋಗಿ ನಿಂತು ಬಂದೆವು.

ಸ್ವಿಂಡನ್‌ಗೆ ಬಂದು ಎರಡು ದಿನವಾದ ಮೇಲೆ ಅಡುಗೆಮನೆಯಲ್ಲಿ ಗೋಂದಿನ ವಾಸನೆ. ಮೊಮ್ಮಗ ಹರಿದ ನಕ್ಷೆಯನ್ನು ಒಣಗಿಸಿ, ತಿಂಡಿ ಡಬ್ಬದ ರಟ್ಟಿಗೆ ಅಂಟಿಸಿ, ಕತ್ತರಿಯಲ್ಲಿ ವಂಕಿವಂಕಿಯಾಗಿ ಕತ್ತರಿಸುತ್ತಿದ್ದ. ಊಟದ ಹೊತ್ತಿಗೆ ಮೇಜಿನ ತುಂಬಾ ಡಾರ್ಟ್‌ಮೂರ್. ನಾವಿಬ್ಬರೂ ಕೂತು ಜೋಡಿಸಿದೆವು. ಮೆರಿವೇಲ್ ತುಂಡೊಂದು ಸಿಗಲಿಲ್ಲ. ಅವನು ಮೇಜಿನ ಕೆಳಗೆ ತೂರಿ, ಎಡಗಡೆಯ ಗೋಡೆಯಿಂದ ಶುರುಮಾಡಿ ಬಲಕ್ಕೆ ಹುಡುಕುತ್ತಾ ಬಂದ.